ಅತ್ತೆಗಿಂತ ನಾಲ್ಕು ಬೆರಳು ಕೆಳಗೆ

ಪಂಚಮಿಗೆಂದು ಸೊರಬದಿಂದ ಶಿಕಾರಿಪುರದ ತವರಿಗೆ ಬಂದ ಎರಡನೆಯ ದಿನ ಅವ್ವನ ಕಳ್ಳತನ ನನ್ನ ಕೈಗೆ ಸಿಕ್ಕಿತು. ಎಲ್ಲರದೂ ಊಟ ಮುಗಿದಿತ್ತು. ಅಪ್ಪ ಪಡಸಾಲೆಯಲ್ಲಿ ಅಡ್ಡಾಗಿದ್ದ. ಅಜ್ಜಿ, ಅಂದರೆ ಅಪ್ಪನ ತಾಯಿ, ಎಲೆ ಅಡಿಕೆ ಚೀಲ ಹಿಡಿದು ಜಗುಲಿಗೆ ಹೋಗಿದ್ದಳು. ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಅವ್ವ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ಎಡಗೈಯಲ್ಲಿ ತಟ್ಟೆ ಹಿಡಿದು ರೊಟ್ಟಿ ಮುರಿಯುತ್ತಿದ್ದಳು. ನನ್ನನ್ನು ಕಂಡದ್ದೇ ತಟ್ಟೆಯನ್ನು ಒಲೆಕಟ್ಟೆಯ ಮೇಲಿಟ್ಟು ಬಾಯಿ ಒರೆಸಿಕೊಂಡಳು.

"ಇದೇನವ್ವ, ನಿಂತ್ಕಂಡು ಉಣ್ತಿದೀಯಾ?"

"ಉಂಡಾತು ಬಿಡು."

ಉಂಡದ್ದು ಅರ್ಧ ರೊಟ್ಟಿ. ನಿಂತು ಉಣ್ಣಬಾರದು ಎಂದು ಚಿಕ್ಕಂದಿನಲ್ಲಿ ನನ್ನ ಬೆನ್ನಿಗೆ ಗುದ್ದಿ ಕೂರಿಸುತ್ತಿದ್ದವಳು ಇವಳೇ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ. ಅವಳ ಕೈ ಹಿಡಿದುಕೊಂಡು, ನಿಜ ಹೇಳುವ ತನಕ ಬಿಡುವುದಿಲ್ಲ ಎಂದೆ. ಬಳೆಗಳು ಮೊಣಕೈವರೆಗೆ ಜಾರಿದವು. ಆಗ ಕಂಡಿತು, ಅವ್ವ ಎಷ್ಟು ಇಳಿದುಹೋಗಿದ್ದಾಳೆಂದು.

"ಕುಂತ್ಕಂಡ್ರೆ ಏಳಕ್ಕಾಗಲ್ಲ ಕಣೇ," ಎಂದಳು ಕೊನೆಗೆ. "ಮೊಣಕಾಲು ಹಿಡ್ಕಂಬಿಡ್ತಾವೆ. ಎಬ್ಬಸ್ರಪ್ಪಾ ಅಂತ ದಿನಾ ಯಾರನ್ನ ಕರೀಲಿ? ಯುಗಾದಿ ದಿನ ನಿಮ್ಮಪ್ಪ ಎಬ್ಬಸಾಕೆ ಬಂದು ಇಬ್ರೂ ಬಿದ್ವಿ. ಅವತ್ತಿಂದ ಕುಂದ್ರಾದೇ ಬಿಟ್ಟೆ."

ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ನನಗೆ ಬರಲಿಲ್ಲ. ಯುಗಾದಿಯಿಂದ ಪಂಚಮಿಯವರೆಗೆ ನಮ್ಮವ್ವ ಒಂದು ದಿನವೂ ಕೂತು ಉಂಡಿರಲಿಲ್ಲ. ನಿಂತವಳ ಹೊಟ್ಟೆಗೆ ಎಷ್ಟು ಹೋದೀತು? ಆಮೇಲಿನ ಎರಡು ತಿಂಗಳು ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು, ಅವ್ವ ಕೂತು ಹೊಟ್ಟೆತುಂಬ ಉಣ್ಣಬೇಕು, ಯಾರ ಕೈಯನ್ನೂ ಹಿಡಿಯದೆ ತಾನೇ ಏಳಬೇಕು.

ಅಂದೇ ಮಧ್ಯಾಹ್ನ ಆಸನ ಹುಡುಕಲು ಹೊರಟೆ. ಮೊದಲು ಎರಡು ಮಣೆಗಳನ್ನು ಒಂದರ ಮೇಲೊಂದು ಇಟ್ಟೆ. ಅಲುಗಾಡಿದವು, ಎತ್ತರವೂ ಸಾಲಲಿಲ್ಲ. ಭತ್ತ ಅಳೆಯುವ ದೊಡ್ಡ ಕೊಳಗವನ್ನು ತಂದು ಬೋರಲು ಹಾಕಿದೆ. ಅವ್ವ ಹೌಹಾರಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ನನ್ನನ್ನ ಲಕ್ಷ್ಮಿ ಮ್ಯಾಲೆ ಕುಂಡ್ರಸ್ತೀಯೇನೆ?" ಎಂದಳು. ಒರಳು ಹೇಳಿ ಮಾಡಿಸಿದ ಎತ್ತರಕ್ಕಿತ್ತು, ಆದರೆ ಒರಳಿನ ಮೇಲೆ ಕೂರಬಾರದು. ಹೊಸಿಲ ಮೇಲೆ ಕೂರಬಾರದು. ಮಂಚದ ಮೇಲೆ ಕೂರಬಹುದು, ಉಣ್ಣಬಾರದು. ನಮ್ಮ ಮನೆಯಲ್ಲಿ ಕೂರಲು ಅನುಕೂಲವಾದ ಎತ್ತರದ ಯಾವ ವಸ್ತುವಿನ ಮೇಲೂ ಕೂರುವಂತಿರಲಿಲ್ಲ. ಇದು ನನಗೆ ತಿಳಿದದ್ದೇ ಅವತ್ತು.

ಉಳಿದದ್ದು ಪಡಸಾಲೆಯ ಕೈಕುರ್ಚಿ. ಅದು ಶಾನುಭೋಗರಿಗೆ, ಶಾಲೆಯ ಇನ್ಸ್‌ಪೆಕ್ಟರಿಗೆ, ವೋಟು ಕೇಳಲು ಬಂದವರಿಗೆ ಮೀಸಲು. ಅಪ್ಪನೇ ಅದರಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಅದನ್ನು ಗರಗರ ಎಳೆದುಕೊಂಡು ಬಂದು ಅವ್ವನನ್ನು ಕೂರಿಸಿದೆ. ಬೆನ್ನು ಒರಗಿಸಿದರೆ ಕಾಲು ನೆಲಕ್ಕೆ ತಾಗದು, ಕಾಲು ತಾಗಿಸಿದರೆ ಬೆನ್ನಿಗೆ ಆಸರೆಯಿಲ್ಲ. ಆದರೂ ಕೂತಳಲ್ಲ ಎಂದು ನಾನು ಹಿಗ್ಗುವಷ್ಟರಲ್ಲಿ ಅಜ್ಜಿ ಸುಣ್ಣ ಕೇಳಿಕೊಂಡು ಒಳಗೆ ಬಂದು, ತನ್ನ ಮಣೆ ಎಳೆದುಕೊಂಡು ನೆಲದ ಮೇಲೆ ಕೂತಳು. ಅವ್ವ ಹಲ್ಲು ಕಚ್ಚಿಕೊಂಡು, ನನ್ನ ಭುಜ ಅದುಮಿ ಹಿಡಿದು ಎದ್ದುಬಿಟ್ಟಳು.

ಅಜ್ಜಿ ಆಚೆ ಹೋದ ಮೇಲೆ ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು: "ಅತ್ತೆ ನೆಲದ ಮ್ಯಾಲೆ, ಸೊಸಿ ಕುರ್ಚಿ ಮ್ಯಾಲೆ. ಭಾಳ ಚಂದ ಇರ್ತೈತಿ ನೋಡೋರಿಗೆ! ಹಂಗೆ ಕುಂತ್ಕಂಡ್ರೆ ನನ್ನ ಗಂಟ್ಲಾಗೆ ತುತ್ತು ಇಳಿತೈತೇನೆ?"

"ಅಜ್ಜಿ ಏನಾದ್ರೂ ಅಂದ್ಲಾ?"

"ಅವ್ರ್ಯಾಕಂತಾರೆ? ಅನ್ನೋ ಮೊದ್ಲೇ ನಮಗೆ ಗೊತ್ತಿರಬೇಕು."

ಇಲ್ಲಿಗೆ ವಿಷಯ ಸ್ಪಷ್ಟವಾಯಿತು. ಅವ್ವನಿಗೆ ಒಂದು ಆಸನ ಬೇಕಾದರೆ ಅಜ್ಜಿಗೆ ಅದಕ್ಕಿಂತ ಎತ್ತರದ್ದೊಂದು ಬೇಕು. ತೊಡಕೇನೆಂದರೆ ಅಜ್ಜಿಗೆ ಆಸನದ ಅಗತ್ಯವೇ ಇರಲಿಲ್ಲ. ಎಂಬತ್ತು ದಾಟಿದ ಆಕೆ ನೆಲದಿಂದ ಕೈ ಊರದೆ ಏಳುತ್ತಿದ್ದಳು. ಎದ್ದವಳು ಸುತ್ತ ಒಮ್ಮೆ ಕಣ್ಣಾಡಿಸುತ್ತಿದ್ದಳು, ಯಾರಾದರೂ ನೋಡಿದರೋ ಇಲ್ಲವೋ ಎಂದು. ಯಾರೂ ನೋಡಿರದಿದ್ದರೆ ಏನೋ ಮರೆತವಳಂತೆ ಮತ್ತೆ ಕೂತು ಮತ್ತೆ ಏಳುತ್ತಿದ್ದಳೆಂದು ಅಪ್ಪ ಹೇಳುತ್ತಿದ್ದ. ಅಪ್ಪನ ಮಾತಿನಲ್ಲಿ ಅರ್ಧ ಸೇರಿಸಿದ್ದೇ ಇರುತ್ತಿತ್ತು, ಆದರೆ ಇದನ್ನು ನಾನು ನಂಬುತ್ತೇನೆ. ಇಡೀ ಓಣಿಯಲ್ಲಿ ಆಕೆಗಿದ್ದ ಒಂದೇ ಜಂಬ ಆ ಮೊಣಕಾಲುಗಳು.

ಸೊರಬಕ್ಕೆ ಹೊರಡುವ ದಿನ ಅವ್ವ ಒಲೆಕಟ್ಟೆಯ ಮುಂದೆ ನಿಂತು ರೊಟ್ಟಿ ತಟ್ಟುತ್ತಿದ್ದಾಗ ಹಿಂದಿನಿಂದ ಹೋಗಿ ದಾರ ಹಿಡಿದು ಅಳತೆ ತೆಗೆದೆ. ಹಿಮ್ಮಡಿಯಿಂದ ಮೊಣಕಾಲಿನ ಹಿಂಬದಿಗೆ ಒಂದು ಗಂಟು. ಸೊಂಟದ ಅಗಲಕ್ಕೆ ಒಂದು ಗಂಟು. "ಕಚಗುಳಿ ಇಡಬ್ಯಾಡ, ರೊಟ್ಟಿ ಹರಿತೈತಿ," ಎಂದು ಅವ್ವ ಮೈ ಕೊಸರಿದಳು. ಯಾಕೆ ಅಳೆಯುತ್ತಿದ್ದೀಯ ಎಂದು ಕೇಳಿದ್ದಕ್ಕೆ ಲಂಗ ಹೊಲಿಸಲು ಎಂದೆ. ಮೊಣಕಾಲುದ್ದದ ಲಂಗ ಯಾರು ಹಾಕುತ್ತಾರೆಂದು ಅವಳು ಕೇಳಲಿಲ್ಲ.

ಸೊರಬದಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರ ಮನೆಗಳಿದ್ದವು. ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ, ನಮ್ಮ ಬಾಡಿಗೆ ಮನೆಯ ಹಿಂದಿನ ಸಾಲಿನಲ್ಲೇ ಒಬ್ಬ ವಯಸ್ಸಾದ ಗುಡಿಗಾರರು ಇದ್ದರು. ದೇವರ ಮಂಟಪ, ಪೀಠ, ಗಂಧದ ಪೆಟ್ಟಿಗೆ ಇವೇ ಅವರ ಕೆಲಸ. ದಾರದ ಗಂಟು ತೋರಿಸಿ ಕುರ್ಚಿ ಎಂದ ಕೂಡಲೇ ಮುಖ ಸಪ್ಪಗೆ ಮಾಡಿದರು.

"ಕುರ್ಚಿ ಗಿರ್ಚಿ ನಾವು ಮಾಡೋದಲ್ಲ ಅಮ್ಮಾ. ಬಡಗಿ ಹತ್ರ ಹೋಗಿ."

ಆ ಊರಿನ ಬಡಗಿ ಮಾಡುತ್ತಿದ್ದದ್ದು ಗಾಡಿಯ ಚಕ್ರ ಮತ್ತು ಬಾಗಿಲು. ಅಲ್ಲಿಗೆ ಹೋಗಿ ಬಂದೇ ಇಲ್ಲಿಗೆ ಬಂದಿದ್ದೆ. ಅವ್ವ ನಿಂತು ಉಣ್ಣುವ ಕಥೆಯನ್ನೆಲ್ಲ ಹೇಳಿದೆ. ಅವರು ಉಳಿ ಕೆಳಗಿಟ್ಟರು.

"ಅವ್ರು ಹೆಂಗೆ ಕೂರ್ತಾರೆ ಅನ್ನೋದು ಬ್ಯಾಡ, ಹೆಂಗೆ ಏಳ್ತಾರೆ ಅಂತ ತೋರ್ಸಿ. ಕೂರೋದು ಎಲ್ಲಾರಿಗೂ ಬರ್ತದೆ."

ಹೀಗೆ ನಾನು ಅವರ ಕೆಲಸದ ಚಾವಡಿಯಲ್ಲಿ ಒಂದು ಮರದ ತುಂಡಿನ ಮೇಲೆ ಕೂತು, ಅವ್ವನ ಹಾಗೆ "ಶಿವಾ" ಎಂದು ನರಳಿ ಏಳುವುದು, ಮತ್ತೆ ಕೂರುವುದು ಮಾಡತೊಡಗಿದೆ. ಅವರು ಪಕ್ಕದಲ್ಲಿ ಕೂತು ನನ್ನ ಪಾದ ಎಲ್ಲಿ ಹೋಗುತ್ತದೆ, ಕೈ ಎಲ್ಲಿ ತಡಕುತ್ತದೆ ಎಂದು ನೋಡುತ್ತಿದ್ದರು. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ನರಳಿ ಎದ್ದಾಗ ಬಾಗಿಲಲ್ಲಿ ನನ್ನ ಗಂಡ ಛತ್ರಿ ಹಿಡಿದು ನಿಂತಿದ್ದರು. ಹೆಂಡತಿಗೆ ಏನಾಯಿತೋ ಎಂಬ ಗಾಬರಿ ಅವರ ಮುಖದಲ್ಲಿತ್ತು. ಗುಡಿಗಾರರು ಬಿದ್ದು ಬಿದ್ದು ನಕ್ಕರು.

ಆ ಮಧ್ಯಾಹ್ನ ನಾನು ಕಲಿತದ್ದು ಇಷ್ಟು. ಕೂರುವ ಹಲಗೆ ತೀರಾ ಒಳಕ್ಕೆ ಹೋಗಿರಬಾರದು, ಬೆನ್ನು ಒರಗಿದಾಗಲೂ ಪಾದ ಪೂರಾ ನೆಲದ ಮೇಲಿರಬೇಕು. ಮುಂದಿನ ಕಾಲುಗಳ ನಡುವೆ ಅಡ್ಡಪಟ್ಟಿ ಇರಬಾರದು, ಏಳುವಾಗ ಹಿಮ್ಮಡಿ ಹಿಂದಕ್ಕೆ ಹೋಗಬೇಕು. ಆಸನದ ಕೈಗಳು ಹಲಗೆಗಿಂತ ಒಂದಿಷ್ಟು ಮುಂದಕ್ಕೆ ಬಂದು ತುದಿಯಲ್ಲಿ ಗುಂಡಾಗಿರಬೇಕು, ಅಂಗೈ ಊರಿ ಮೈ ಎತ್ತಲು. ಹಗ್ಗದ ಹೆಣಿಗೆ ಬೇಡ, ಅದು ಕುಸಿದು ಮನುಷ್ಯನನ್ನು ಒಳಗೆ ಹಿಡಿದುಕೊಳ್ಳುತ್ತದೆ. ಹಲಸಿನ ಹಲಗೆಯೇ ಒಳ್ಳೆಯದು.

"ಸರಿ, ತಟ್ಟೆ ಎಲ್ಲಿಡ್ತಾರೆ?" ಎಂದು ಕೇಳಿದರು.

ನಾನು ಪೆಚ್ಚಾದೆ. ಎರಡು ವಾರದಿಂದ ಕುರ್ಚಿಯನ್ನೇ ಕನವರಿಸುತ್ತಿದ್ದೆ, ತಟ್ಟೆ ನೆಲದ ಮೇಲೇ ಉಳಿದುಹೋಗಿತ್ತು. ನಮ್ಮಲ್ಲಿ ಊಟದ ತಟ್ಟೆ ಇಡುವ ಮೂರು ಕಾಲಿನ ಅಡ್ಡಣಿಗೆ ಗೇಣೆತ್ತರದ್ದು. ಅದನ್ನೇ ಮೊಣಕಾಲ ಮೇಲಕ್ಕೆ ಬರುವಷ್ಟು ಎತ್ತರಕ್ಕೆ ಮಾಡಿಕೊಡುತ್ತೇನೆ ಎಂದರು. ಆಗ ನಾನು ಎರಡನೆಯ ಆಸನದ ಮಾತೆತ್ತಿದೆ.

"ಅದ್ರ ಅಳತೆ?"

"ಮೊದಲಿಂದಕ್ಕಿಂತ ನಾಲ್ಕು ಬೆರಳು ಎತ್ತರ. ಅಷ್ಟೇ."

"ಅವ್ರು ಉದ್ದಕ್ಕಿದಾರಾ?"

"ಇಲ್ಲ, ನಮ್ಮವ್ವನಿಗಿಂತ ಗಿಡ್ಡ. ಆದ್ರೆ ಅತ್ತೆ."

ಅವರು ನನ್ನ ಮುಖ ನೋಡಿದರು. ಆಮೇಲೆ ಒಳಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿ, "ಗೊತ್ತಾಯ್ತು ಬಿಡಿ. ನಮ್ಮನೇಲೂ ಇಬ್ರಿದಾರೆ," ಎಂದರು. ನಾನು ಹೇಳದೆಯೇ ಆ ಎತ್ತರದ ಆಸನಕ್ಕೆ ಕಾಲಿಡುವ ಪುಟ್ಟ ಮಣೆಯನ್ನೂ ಮಾಡಿದರು.

ದಸರೆಯ ಮಾನವಮಿಗೆ ನಾಲ್ಕು ದಿನ ಮೊದಲು ಆಸನಗಳೆರಡೂ, ಅವಕ್ಕೆ ತಕ್ಕ ಅಡ್ಡಣಿಗೆಗಳೆರಡೂ ತಯಾರಾದವು. ಜೀವಮಾನವಿಡೀ ದೇವರಿಗೆ ಪೀಠ ಕೆತ್ತಿದ ಕೈ ಸುಮ್ಮನಿರುತ್ತದೆಯೇ? ಅವ್ವನ ಆಸನದ ಬೆನ್ನಿಗೆ ಎರಡು ಗಿಳಿ ಕೂತಿದ್ದವು. ಅಜ್ಜಿಯದಕ್ಕೆ ಬಳ್ಳಿ, ಹೂವು, ಹಂಸ, ನೆತ್ತಿಯ ಮೇಲೆ ಬಿಡಿಸಿದ ಕಮಲ. ಬಸ್ಸಿನ ಮೇಲೆ ಅವನ್ನು ಕಟ್ಟುವಾಗ ಕಂಡಕ್ಟರು ಚಪ್ಪಲಿ ಬಿಟ್ಟು ಹತ್ತಿದ. "ಯಾವ ಗುಡಿಗ್ರೀ ಇದು?" ಎಂದು ಕೇಳಿದ. ನಮ್ಮ ಅಜ್ಜಿಗೆ ಎಂದರೆ ನಂಬಲಿಲ್ಲ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಬಳ್ಳಿಗಾವಿಯ ಹೆಂಗಸೊಬ್ಬಳು ಕೆಳಗಿನಿಂದಲೇ ಕೈಮುಗಿದು, ತನ್ನ ತಲೆಯ ಸೇವಂತಿಗೆಯಲ್ಲಿ ಒಂದನ್ನು ಕಿತ್ತು ಮೇಲಕ್ಕೆ ಎಸೆದಳು. ಹೂವು ಕಮಲಕ್ಕೆ ತಗುಲಿ ಕಂಡಕ್ಟರನ ಟೋಪಿಯ ಮೇಲೆ ಬಿತ್ತು. ಅವನು ಅದನ್ನು ಪ್ರಸಾದವೆಂದು ಕಿವಿಗೆ ಇಟ್ಟುಕೊಂಡ. ಶಿಕಾರಿಪುರ ತಲುಪುವವರೆಗೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆ.

ಮನೆಯಲ್ಲಿ ನಗು ನಿಂತಿತು. ಅಪ್ಪನಿಗೆ ಆಸನಗಳು ಬಹಳ ಹಿಡಿಸಿದವು, ಸುತ್ತು ಹಾಕಿ ಸವರಿ ನೋಡಿದ. ಅವ್ವ ಗಿಳಿಗಳನ್ನು ನೋಡಿ ಕಣ್ಣರಳಿಸಿದಳು, ಆದರೆ ಅಜ್ಜಿಯ ಮುಖ ನೋಡಿ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಅಜ್ಜಿ ತನ್ನ ಆಸನವನ್ನು ಮೇಲಿಂದ ಕೆಳಗೆ ನೋಡಿ, "ಚಲೋ ಐತಿ. ಮುದುಕಿ ಆದಾಗ ಕುಂತ್ಕಂತೀನಿ, ಒಳಗಿಡು," ಎಂದು ತನ್ನ ಮಣೆ ಹಾಕಿಕೊಂಡು ನೆಲಕ್ಕೆ ಕೂತಳು. ಉಂಡು, ಕೈ ಊರದೆ ಎದ್ದು, ಒಮ್ಮೆ ಸುತ್ತ ನೋಡಿ ಜಗುಲಿಗೆ ಹೋದಳು. ಅವ್ವ ಯಥಾಪ್ರಕಾರ ಚೌಕಟ್ಟಿಗೆ ಒರಗಿ ತಟ್ಟೆ ಹಿಡಿದಳು.

ಮೂರು ದಿನ ಹೀಗೇ ನಡೆಯಿತು. ಕಮಲದ ಆಸನದ ಮೇಲೆ ಕುಂಬಳಕಾಯಿ, ಗಿಳಿಯ ಆಸನದ ಮೇಲೆ ಒಗೆದ ಬಟ್ಟೆ. ಮೂರನೆಯ ದಿನ ಸಂಜೆ ನನ್ನ ಸಿಟ್ಟು ಕಟ್ಟೆಯೊಡೆಯಿತು. ಅಜ್ಜಿ ಜಗುಲಿಯಲ್ಲಿ ಒಬ್ಬಳೇ ಅಡಿಕೆ ಕತ್ತರಿಸುತ್ತಿದ್ದಳು. ಹೋಗಿ ಎದುರಿಗೆ ನಿಂತೆ.

"ನಿನ್ನ ಮೊಣಕಾಲಿನ ಜಂಬಕ್ಕೆ ನಮ್ಮವ್ವ ಇನ್ನೂ ಎಷ್ಟು ತಿಂಗ್ಳು ನಿಂತ್ಕಂಡು ಉಣ್ಣಬೇಕಜ್ಜಿ?"

ಅಜ್ಜಿಯ ಅಡಕತ್ತರಿ ಹಾಗೇ ನಿಂತಿತು. "ಯಾರು ನಿಂತ್ಕಂಡು ಉಣ್ಣಾದು?"

ಆಕೆಗೆ ಗೊತ್ತಿರಲಿಲ್ಲ. ತನ್ನ ಊಟ ಮುಗಿಸಿ ಜಗುಲಿಗೆ ಬಂದ ಮೇಲೆ ಅಡುಗೆಮನೆಯಲ್ಲಿ ಏನಾಗುತ್ತದೆಂದು ಆಕೆ ಯಾವತ್ತೂ ನೋಡಿದವಳಲ್ಲ, ಅವ್ವ ಹೇಳಿದವಳಲ್ಲ. ನಾನು ಎಲ್ಲವನ್ನೂ ಹೇಳಿದೆ. ಬಿದ್ದದ್ದು, ಅರ್ಧ ರೊಟ್ಟಿ, ಮೊಣಕೈಗೆ ಜಾರುವ ಬಳೆ, ನೀನು ನೆಲದ ಮೇಲಿರುವಾಗ ತಾನು ಮೇಲೆ ಕೂರಲಾರೆ ಎಂದು ಅವಳು ಅಂದದ್ದು. ಹೇಳುತ್ತ ನನಗೆ ಅಳು ಬಂತು. ಅಜ್ಜಿ ಅಡಕತ್ತರಿಯನ್ನು ಚೀಲಕ್ಕೆ ಹಾಕಿದಳು.

"ನನಗ್ಯಾರು ಹೇಳಿದ್ರೇ?" ಎಂದಳು. "ನಾನು ಉಂಡೆದ್ದು ಬರಾದು, ಅವಳು ಆಮ್ಯಾಲೆ ಉಣ್ಣಾದು. ಉಣ್ತಾಳೆ ಅಂದ್ಕಂಡಿದ್ದೆ." ಇನ್ನು ಹೋಗು ಎನ್ನುವಂತೆ ಕೈ ಆಡಿಸಿದಳು. ಹಾಗೆ ಜೋರು ಮಾಡಿದ್ದಕ್ಕೆ ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಮರುದಿನ ಮಾನವಮಿ. ಬೆಳಿಗ್ಗೆ ಅಜ್ಜಿ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಬಸಳೆ ಕೊಯ್ದು, ಮಡಿಲಿಗೆ ತುಂಬಿಕೊಂಡು ಸಲೀಸಾಗಿ ಎದ್ದು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಮಧ್ಯಾಹ್ನ ಊಟಕ್ಕೆ ಕರೆದಾಗ ಮಣೆಯ ಹತ್ತಿರ ಬಂದವಳು ಅರ್ಧ ಬಗ್ಗಿ, ಗೋಡೆ ಹಿಡಿದು, "ಅಯ್ಯಯ್ಯೋ, ಶಿವನೇ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಅಪ್ಪ ಪಡಸಾಲೆಯಿಂದ ಓಡಿಬಂದ. ಅಜ್ಜಿ ಎಡ ಮೊಣಕಾಲು ಹಿಡಿದುಕೊಂಡು ನರಳಿದಳು, ಆಮೇಲೆ ಮರೆತು ಬಲ ಮೊಣಕಾಲನ್ನು ತಿಕ್ಕಿಕೊಂಡಳು.

"ಹಿಡ್ಕಂಬಿಟ್ತು ಕಣೋ. ವಯಸ್ಸಾತಲ್ಲ. ಆ ಹಾಳು ಕುರ್ಚಿ ತಗಂಬಾ ಅತ್ಲಾಗೆ!"

ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಕುಂಬಳಕಾಯಿ ಇಳಿಸಿ, ಆಸನ ತಂದು, ಕಾಲಿಗೆ ಮಣೆ ಕೊಟ್ಟೆ. ಅಜ್ಜಿ ಹತ್ತಿ ಕೂತಳು. ತಲೆಯ ಹಿಂದೆ ಕಮಲ, ಮೂಗಿನಲ್ಲಿ ನತ್ತು. ಕಂಡಕ್ಟರು ಚಪ್ಪಲಿ ಬಿಟ್ಟದ್ದರಲ್ಲಿ ತಪ್ಪೇನಿಲ್ಲ ಅನ್ನಿಸಿತು.

"ನಾನೊಬ್ಳೇ ಇಲ್ಲಿ ಗೊಂಬೆ ಕುಂತಂಗೆ ಕುಂದ್ರಾಕೆ ನನಗೆ ನಾಚಿಕಿ," ಎಂದಳು ಅಜ್ಜಿ, ಅವ್ವನ ಕಡೆ ನೋಡದೆ. "ಆ ಇನ್ನೊಂದನ್ನೂ ಹಾಕು. ಅವಳೂ ಬರ್ಲಿ."

"ನಂದು ಆಮ್ಯಾಲೆ ಆಗ್ತೈತಿ ಅತ್ತೆ, ನೀವು ಉಣ್ರಿ," ಎಂದಳು ಅವ್ವ.

"ಆಮ್ಯಾಲೆ ಗೀಮ್ಯಾಲೆ ಬ್ಯಾಡ. ಕುಂದ್ರು ಅಂದ್ರೆ ಕುಂದ್ರು."

ನಾನು ಗಿಳಿಯ ಆಸನವನ್ನು ಪಕ್ಕಕ್ಕೆ ಹಾಕಿದೆ. ಅವ್ವ ಎರಡರ ಎತ್ತರವನ್ನೂ ಕಣ್ಣಲ್ಲೇ ಅಳೆದಳು. ನಾಲ್ಕು ಬೆರಳು ಕೆಳಗಿರುವುದು ಖಾತ್ರಿಯಾದ ಮೇಲೆ ಸೆರಗು ಹೊದ್ದುಕೊಂಡು, ಆಸನದ ಎರಡೂ ಕೈ ಹಿಡಿದು, ಮೆಲ್ಲಗೆ ಇಳಿದು ಕೂತಳು. ಪಾದ ಎರಡೂ ನೆಲದ ಮೇಲೆ. ಬೆನ್ನು ಹಲಗೆಗೆ. ಒಂದು ದೊಡ್ಡ ಉಸಿರು ಬಿಟ್ಟಳು. ಅಡ್ಡಣಿಗೆಗಳನ್ನಿಟ್ಟು ಇಬ್ಬರಿಗೂ ಹೋಳಿಗೆ ಬಡಿಸಿ ತುಪ್ಪ ಹಾಕಿದೆ.

ಆಗ ಒಂದು ವಿಚಿತ್ರವಾಯಿತು. ಅವ್ವ ಹೋಳಿಗೆ ಮುರಿದು, ಒಂದು ಚೂರನ್ನು ತುಪ್ಪದಲ್ಲಿ ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಮತ್ತೊಂದು ಚೂರು, ಮತ್ತೆ ಹಾಗೆಯೇ. ಅಜ್ಜಿ ತನ್ನ ಊಟ ಬಿಟ್ಟು ಅವಳನ್ನೇ ನೋಡುತ್ತಿದ್ದಳು. ಅವ್ವನಿಗೆ ಮುಜುಗರವಾಗಿ ಕೈ ನಿಂತಿತು.

"ಯಾಕತ್ತೆ?"

"ಏನಿಲ್ಲ," ಎಂದಳು ಅಜ್ಜಿ. "ನೀ ಇಷ್ಟು ನಿಧಾನ ಉಣ್ತೀಯಾ? ನನಗೆ ಗೊತ್ತೇ ಇರ್ಲಿಲ್ಲ ನೋಡು. ನೀ ಈ ಮನೀಗೆ ಬಂದು ನಲವತ್ತು ವರ್ಷದ ಮ್ಯಾಲಾತು, ನೀ ಉಣ್ಣಾದು ನಾ ಒಂದು ದಿನಾನೂ ನೋಡಿಲ್ಲ."

ಅಜ್ಜಿ ತನ್ನ ತಟ್ಟೆಯಿಂದ ಮುಟ್ಟದ ಒಂದು ಹೋಳಿಗೆ ಎತ್ತಿ, ಆ ನಾಲ್ಕು ಬೆರಳು ಬಗ್ಗಿ, ಸೊಸೆಯ ತಟ್ಟೆಗೆ ಹಾಕಿ, "ಉಣ್ಣು. ನಿಧಾನಕ್ಕೇ ಉಣ್ಣು, ನಾ ಕುಂತಿರ್ತೀನಿ," ಎಂದಳು. ಅವ್ವ ಅಂದು ಮೂರು ಹೋಳಿಗೆ ತಿಂದಳು. ಅವಳು ಮುಗಿಸಿ ತಾನಾಗಿ ಏಳುವವರೆಗೆ ಅಜ್ಜಿ ಉಂಡ ಕೈ ಒಣಗಿದರೂ ತೊಳೆಯಲು ಏಳದೆ ಹಾಗೇ ಕೂತಿದ್ದಳು.